ಸ್ಟೇನ್‌ಲೆಸ್ ಸ್ಟೀಲಿನ ಮೇಲ್ಮೈ ಸಂಸ್ಕರಣೆಯೂ ಬಿಡಿಭಾಗಗಳ ಬಾಳಿಕೆಯೂ

ಸ್ಟೇನ್‌ಲೆಸ್ ಸ್ಟೀಲ್ ಎಂದೊಡನೆ ತುಕ್ಕು ಹಿಡಿಯದ, ಹೊಳಪು ಮಾಸದ, ಒಮ್ಮೆ ಕೊಂಡರೆ ತಲೆಮಾರು ಬಾಳುವ ಲೋಹವೆಂಬ ಭಾವನೆ ಗ್ರಾಹಕರಲ್ಲಿ ಮಾತ್ರವಲ್ಲ, ಅದನ್ನು ಮಾರುವ ವರ್ತಕರಲ್ಲಿಯೂ ಅದರಿಂದ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳಲ್ಲಿಯೂ ಬೇರೂರಿದೆ. ಮನೆಯ ಪಾತ್ರೆಪಡಗಗಳ ಮಟ್ಟಿಗೆ ಈ ಭಾವನೆ ಬಹುಪಾಲು ಸರಿಯೇ. ಆದರೆ ಪಂಪಿನ ಶಾಫ್ಟ್, ಕವಾಟದ ಸ್ಪಿಂಡಲ್, ಸ್ಪ್ರಿಂಗ್, ಮಿಶ್ರಣ ಯಂತ್ರದ ಅಲಗು ಮುಂತಾಗಿ ಸದಾ ಚಲನೆಯಲ್ಲಿರುವ ಭಾಗಗಳ ವಿಷಯದಲ್ಲಿ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನೆನೆಯಬೇಕಾಗುತ್ತದೆ. ಇಂತಹ ಭಾಗಗಳು ತುಕ್ಕು ಹಿಡಿಯದೆಯೂ, ಮಿತಿಮೀರಿದ ಹೊರೆ ಬೀಳದೆಯೂ, ಒಂದು ದಿನ ಇದ್ದಕ್ಕಿದ್ದಂತೆ ಮುರಿಯುತ್ತವೆ. ಮುರಿದಾಗ ಸಾಮಾನ್ಯವಾಗಿ ದೂರು ಹೋಗುವುದು ಕಚ್ಚಾ ಸಾಮಗ್ರಿ ಒದಗಿಸಿದವರ ಮೇಲೆ. ಆದರೆ ಕಾರಣವು ಅನೇಕ ಸಂದರ್ಭಗಳಲ್ಲಿ ಸರಳಿನ ಒಳಗಿರುವುದಿಲ್ಲ. ಕೊನೆಯ ಹಂತದಲ್ಲಿ ನಾವು ಅದರ ಮೇಲ್ಮೈಗೆ ಏನು ಮಾಡಿದೆವು ಎಂಬುದರಲ್ಲಿರುತ್ತದೆ.

ಈ ಲೇಖಕನ ವೃತ್ತಿ ಲೆಕ್ಕಪರಿಶೋಧನೆ, ಲೋಹವಿಜ್ಞಾನವಲ್ಲ. ಆದರೂ ಉತ್ಪಾದನಾ ಘಟಕಗಳ ವೆಚ್ಚಪಟ್ಟಿಗಳನ್ನು ನೋಡುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕಚ್ಚಾ ಸಾಮಗ್ರಿಗೆ ಒಂದು ಸಾಲು, ಯಂತ್ರದ ಕೆಲಸಕ್ಕೆ ನಾಲ್ಕಾರು ಸಾಲು, ಕಡೆಯಲ್ಲಿ 'ಫಿನಿಷಿಂಗ್' ಎಂಬ ಒಂದೇ ಸಾಲು. ದರ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಈ ಕೊನೆಯ ಸಾಲಿಗೇ. ಅದು ಕೇವಲ ಅಲಂಕಾರದ ವೆಚ್ಚವೆಂಬ ಭಾವನೆಯೇ ಇದಕ್ಕೆ ಕಾರಣ. ಅದು ಅಲಂಕಾರವಲ್ಲ, ಬಾಳಿಕೆಯ ವೆಚ್ಚ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಲೋಹಕ್ಕೂ ದಣಿವಿದೆ

1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲುಗಾಡಿಯ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಷ್ಟು ದಿನ ಹೊರೆ ಹೊತ್ತ ಅಚ್ಚು ಅದೇ ಹೊರೆಗೆ ಏಕೆ ಮುರಿಯಿತು ಎಂಬ ಪ್ರಶ್ನೆ ಆ ಕಾಲದ ಎಂಜಿನಿಯರುಗಳನ್ನು ಕಾಡಿತು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 1860ರ ದಶಕಗಳಲ್ಲಿ ಅಚ್ಚುಗಳನ್ನು ತಿರುಗಿಸುತ್ತ, ಬಾಗಿಸುತ್ತ ದೀರ್ಘಕಾಲ ಪರೀಕ್ಷೆ ನಡೆಸಿ ಉತ್ತರ ಕಂಡುಕೊಂಡರು. ಒಮ್ಮೆ ಹೊರಿಸಿದರೆ ಲೋಹವು ಸುಲಭವಾಗಿ ತಾಳಬಲ್ಲ ಹೊರೆಯನ್ನೇ ಲಕ್ಷಾಂತರ ಬಾರಿ ಹೊರಿಸಿ ಇಳಿಸಿದರೆ ಅದು ಮುರಿಯುತ್ತದೆ ಎಂಬುದೇ ಆ ಉತ್ತರ. ಇದನ್ನೇ ಎಂಜಿನಿಯರುಗಳು ಫೆಟೀಗ್ ಎನ್ನುತ್ತಾರೆ; ಕನ್ನಡದಲ್ಲಿ ಲೋಹದ ದಣಿವು ಎನ್ನಬಹುದು.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ಕ್ರೋಮಿಯಂ ಬೆರೆತ ತುಕ್ಕುರಹಿತ ಉಕ್ಕನ್ನು ತಯಾರಿಸಿದರು. ಉಕ್ಕಿನಲ್ಲಿ ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಆಕ್ಸೈಡ್ ಪದರ ತಾನಾಗಿಯೇ ಬೆಳೆಯುತ್ತದೆ. ತುಕ್ಕನ್ನು ತಡೆಯುವುದು ಈ ಪದರವೇ. ಆದರೆ ಅದು ದಣಿವನ್ನು ತಡೆಯಲಾರದು. ನಮ್ಮಲ್ಲಿ ಬಹುಬಳಕೆಯ 304 ದರ್ಜೆಯ ಉಕ್ಕನ್ನೇ ತೆಗೆದುಕೊಳ್ಳೋಣ. ಮೃದುಗೊಳಿಸಿದ ಸ್ಥಿತಿಯಲ್ಲಿ ಅದರ ಕನಿಷ್ಠ ಕರ್ಷಣ ಬಲ 515 ಮೆಗಾಪಾಸ್ಕಲ್. ಆದರೆ ಹೊರೆ ಮತ್ತೆ ಮತ್ತೆ ಬೀಳುವಾಗ ನಯವಾದ, ದೋಷವಿಲ್ಲದ ಮಾದರಿಯು ಸಹ ದೀರ್ಘಕಾಲ ತಾಳಬಲ್ಲದ್ದು ಸುಮಾರು 240 ಮೆಗಾಪಾಸ್ಕಲ್ ಮಾತ್ರ. ಅಂದರೆ ಪರೀಕ್ಷಾ ಪ್ರಮಾಣಪತ್ರದಲ್ಲಿ ಕಾಣುವ ಬಲದ ಅರ್ಧಕ್ಕಿಂತಲೂ ಕಡಿಮೆ. ಕಾರ್ಖಾನೆಯಿಂದ ಹೊರಬರುವ ಭಾಗದ ಮೇಲ್ಮೈ ಪ್ರಯೋಗಾಲಯದ ಮಾದರಿಯಷ್ಟು ನಯವಾಗಿರದ ಕಾರಣ ಈ ಅಂಕಿ ಮತ್ತಷ್ಟು ಕೆಳಗಿಳಿಯುತ್ತದೆ.

'ಲಕ್ಷಾಂತರ ಬಾರಿ' ಎಂದಾಗ ಅದು ಬಹಳ ದೂರದ ಮಾತೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 1,440 ಸುತ್ತು ತಿರುಗುವ ಪಂಪಿನ ಶಾಫ್ಟ್‌ನ ಮೇಲೆ ಅಡ್ಡಹೊರೆ ಇದ್ದರೆ, ಪ್ರತಿ ಸುತ್ತಿನಲ್ಲಿಯೂ ಅದರ ಮೇಲ್ಮೈಯ ಪ್ರತಿಯೊಂದು ಬಿಂದು ಒಮ್ಮೆ ಎಳೆತಕ್ಕೂ ಒಮ್ಮೆ ಒತ್ತಡಕ್ಕೂ ಒಳಗಾಗುತ್ತದೆ. ದಿನಕ್ಕೆ 16 ಗಂಟೆ ನಡೆದರೆ 13,82,400 ಆವರ್ತಗಳಾದವು. ಒಂದು ಕೋಟಿ ಆವರ್ತಗಳು ಎಂಟನೆಯ ದಿನದೊಳಗೆ ಪೂರ್ಣಗೊಳ್ಳುತ್ತವೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಬಿರುಕು ಹುಟ್ಟುವುದು ಮೇಲ್ಮೈಯಲ್ಲಿ

ದಣಿವಿನಿಂದ ಮುರಿದ ಶಾಫ್ಟ್‌ನ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಅನೇಕ ಸಲ ಎರಡು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ಭಾಗ ನಯವಾಗಿದ್ದು ಕೆರೆಯ ದಡದಲ್ಲಿ ನೀರು ಇಳಿದಾಗ ಉಳಿಯುವ ಗೆರೆಗಳಂತಹ ವಕ್ರರೇಖೆಗಳನ್ನು ಹೊಂದಿರುತ್ತದೆ, ಇನ್ನೊಂದು ಒರಟಾಗಿರುತ್ತದೆ. ಮೊದಲನೆಯದು ಬಿರುಕು ದಿನದಿನವೂ ಸ್ವಲ್ಪ ಸ್ವಲ್ಪವೇ ಮುಂದುವರಿದ ಭಾಗ. ಎರಡನೆಯದು ಉಳಿದ ಲೋಹಕ್ಕೆ ಹೊರೆ ತಾಳಲಾಗದೆ ಒಮ್ಮೆಲೇ ಕಿತ್ತುಹೋದ ಭಾಗ. ಆ ವಕ್ರರೇಖೆಗಳನ್ನು ಹಿಂದಕ್ಕೆ ಅನುಸರಿಸಿದರೆ ಅವು ಸಾಮಾನ್ಯವಾಗಿ ಮೇಲ್ಮೈಯ ಒಂದು ಬಿಂದುವಿಗೆ ಬಂದು ಸೇರುತ್ತವೆ. ಅಲ್ಲಿ ಲೇತಿನ ಉಳಿಯ ಗೀರೋ, ಕೀ-ವೇಯ ಚೂಪಾದ ಮೂಲೆಯೋ, ತುಕ್ಕಿನ ಸಣ್ಣ ಗುಳಿಯೋ, ಒತ್ತಿ ಬರೆದ ಕ್ರಮಸಂಖ್ಯೆಯೋ ಕಾಣಸಿಗುತ್ತದೆ.

ಇದಕ್ಕೆ ಕಾರಣಗಳು ಸರಳ. ಬಾಗುವ ಅಥವಾ ತಿರುಚುವ ಹೊರೆಯಲ್ಲಿ ಅತ್ಯಧಿಕ ಪ್ರತಿಬಲ ಇರುವುದು ಹೊರಮೈಯಲ್ಲೇ. ನಡುವಿನಲ್ಲಿ ಅದು ಸೊನ್ನೆ. ಗೀರು ಮತ್ತು ಗುಳಿಗಳು ಆ ಪ್ರತಿಬಲವನ್ನು ಒಂದೆಡೆ ಕೇಂದ್ರೀಕರಿಸುತ್ತವೆ. ಗಾಳಿ, ತೇವ, ಉಪ್ಪು ಮುಟ್ಟುವುದೂ ಹೊರಮೈಯನ್ನೇ. ಆದುದರಿಂದ 40 ಮಿಲಿಮೀಟರ್ ದಪ್ಪದ ಶಾಫ್ಟ್‌ನ ಆಯುಷ್ಯವನ್ನು ಅದರ ಹೊರಗಿನ ಒಂದು ಮಿಲಿಮೀಟರಿನ ಕೆಲವು ಭಾಗದಷ್ಟು ಪದರವು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ಪದರದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು ಒರಟುತನ; ಗೀರು ಆಳವಾಗಿದ್ದಷ್ಟೂ, ಚೂಪಾಗಿದ್ದಷ್ಟೂ ಹಾನಿ ಹೆಚ್ಚು. ಉಕ್ಕಿನ ಬಲ ಹೆಚ್ಚಿದಂತೆ ಗೀರಿನ ಪ್ರಭಾವವೂ ಹೆಚ್ಚುತ್ತದೆ ಎಂಬುದನ್ನು ದುಬಾರಿ ದರ್ಜೆ ಬಳಸುವವರು ನೆನಪಿಡಬೇಕು. ಎರಡನೆಯದು ಪದರದ ರಾಸಾಯನಿಕ ಸ್ಥಿತಿ ಮತ್ತು ಗಡಸುತನ. ಮೂರನೆಯದು, ಕಣ್ಣಿಗೆ ಕಾಣದ ಕಾರಣ ಹೆಚ್ಚಾಗಿ ಮರೆತುಹೋಗುವುದು, ಉಳಿಕೆ ಪ್ರತಿಬಲ.

ಹೊರಗಿನ ಹೊರೆ ಏನೂ ಇಲ್ಲದಿದ್ದಾಗಲೂ ತಯಾರಿಕೆಯ ಕ್ರಮದಿಂದಾಗಿ ಲೋಹದೊಳಗೆ ಉಳಿದುಕೊಂಡಿರುವ ಎಳೆತ ಅಥವಾ ಒತ್ತಡವೇ ಉಳಿಕೆ ಪ್ರತಿಬಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಖಾತೆಯ ಆರಂಭಿಕ ಶಿಲ್ಕು. ಮೇಲ್ಮೈ ಒತ್ತಿಹಿಡಿದ ಸ್ಥಿತಿಯಲ್ಲಿದ್ದರೆ ಅದು ಜಮಾ ಶಿಲ್ಕು. ಹೊರಗಿನ ಹೊರೆ ಉಂಟುಮಾಡುವ ಎಳೆತವು ಮೊದಲು ಆ ಜಮೆಯನ್ನು ಖರ್ಚು ಮಾಡಿದ ನಂತರವೇ ಬಿರುಕನ್ನು ಬಾಯ್ದೆರೆಯಿಸಬಲ್ಲದು. ಮೇಲ್ಮೈ ಮೊದಲೇ ಎಳೆತದಲ್ಲಿದ್ದರೆ ಅದು ಸಾಲದ ಶಿಲ್ಕು. ಹೊರಗಿನ ಹೊರೆ ಅದಕ್ಕೆ ಸೇರಿಕೊಳ್ಳುತ್ತದೆ. ನೋಟಕ್ಕೆ ಒಂದೇ ಬಗೆಯ ಹೊಳಪಿರುವ ಎರಡು ಶಾಫ್ಟ್‌ಗಳ ಬಾಳಿಕೆಯಲ್ಲಿ ಅಜಗಜಾಂತರ ಇರಬಹುದಾದದ್ದು ಈ ಕಾರಣದಿಂದಲೇ.

ಪ್ರತಿಬಲದ ಸಣ್ಣ ವ್ಯತ್ಯಾಸವೂ ಬಾಳಿಕೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಇವೆರಡರ ಸಂಬಂಧ ಚಕ್ರಬಡ್ಡಿಯ ಹಾಗೆ ಬೆಳೆಯುವಂಥದು. ಬಾಳಿಕೆಯು ಪ್ರತಿಬಲದ ಹತ್ತನೆಯ ಘಾತಕ್ಕೆ ವಿಲೋಮವಾಗಿದೆಯೆಂದು ಉದಾಹರಣೆಗೆ ಇಟ್ಟುಕೊಂಡರೆ, ಪ್ರತಿಬಲ ಶೇ. 10ರಷ್ಟು ಇಳಿದಾಗ ಬಾಳಿಕೆ ಸುಮಾರು 2.9 ಪಟ್ಟಾಗುತ್ತದೆ, ಶೇ. 10ರಷ್ಟು ಏರಿದರೆ ಮೊದಲಿನ ಶೇ. 39ಕ್ಕೆ ಕುಸಿಯುತ್ತದೆ. ಘಾತದ ಸಂಖ್ಯೆ ಲೋಹ ಮತ್ತು ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆಯಾದರೂ ದಿಕ್ಕು ಇದೇ.

ಸಂಸ್ಕರಣೆಗಳು: ಯಾವುದರಿಂದ ಏನು?

ಗ್ರೈಂಡಿಂಗ್ ಮತ್ತು ಪಾಲಿಷ್: ಮೃದುವಾಗಿ, ಸಾಕಷ್ಟು ಶೀತಕ ಹರಿಸಿ ಮಾಡಿದ ಗ್ರೈಂಡಿಂಗ್ ಒಳ್ಳೆಯದು. ಆದರೆ ಸ್ಟೇನ್‌ಲೆಸ್ ಸ್ಟೀಲು ಶಾಖವನ್ನು ಬೇಗ ಒಳಕ್ಕೆ ಸಾಗಿಸುವುದಿಲ್ಲ. ಮೊಂಡಾದ ಚಕ್ರದಿಂದ ಅವಸರವಾಗಿ ಉಜ್ಜಿದರೆ ಮೇಲ್ಮೈ ಸ್ಥಳೀಯವಾಗಿ ಕಾದು, ತಣಿದಾಗ ಎಳೆತದ ಉಳಿಕೆ ಪ್ರತಿಬಲವನ್ನು ಉಳಿಸಿಕೊಳ್ಳುತ್ತದೆ. ನಂತರ ಬಫಿಂಗ್ ಮಾಡಿ ಕನ್ನಡಿಯಂತೆ ಹೊಳೆಯಿಸಿದರೂ ಒಳಗಿನ ಎಳೆತ ಹೋಗುವುದಿಲ್ಲ. ಪಾಲಿಷ್ ಗೆರೆಗಳ ದಿಕ್ಕೂ ಮುಖ್ಯ. ಬಾಗುವ ಹೊರೆ ಹೊರುವ ಶಾಫ್ಟ್‌ನ ಸುತ್ತ ಲೇತಿನಲ್ಲಿ ಎಮರಿ ಪಟ್ಟಿ ಹಿಡಿದರೆ ಗೆರೆಗಳು ಎಳೆತಕ್ಕೆ ಅಡ್ಡವಾಗಿ ಬೀಳುತ್ತವೆ. ಬಿರುಕಿಗೆ ಅದೇ ಅನುಕೂಲ. ಕೊನೆಯ ಪಾಲಿಷನ್ನು ಉದ್ದುದ್ದಕ್ಕೆ ಮಾಡಿದರೆ ಆ ಅಪಾಯ ತಗ್ಗುತ್ತದೆ.

ಶಾಟ್ ಪೀನಿಂಗ್: ಸಣ್ಣ ಗುಂಡುಗಳನ್ನು ವೇಗವಾಗಿ ಮೇಲ್ಮೈಗೆ ಎರಚಿ ಅಸಂಖ್ಯಾತ ಸಣ್ಣ ತಗ್ಗುಗಳನ್ನು ಮಾಡುವ ವಿಧಾನವಿದು. ಪ್ರತಿಯೊಂದು ಪೆಟ್ಟೂ ಹೊರಪದರವನ್ನು ಹಿಗ್ಗಿಸಲು ಯತ್ನಿಸುತ್ತದೆ. ಕೆಳಗಿನ ಲೋಹ ಅದನ್ನು ತಡೆಯುತ್ತದೆ. ಫಲವಾಗಿ ಹೊರಪದರ ಒತ್ತಿಹಿಡಿದ ಸ್ಥಿತಿಯಲ್ಲಿ ಉಳಿಯುತ್ತದೆ. ಈ ಪದರದ ಆಳ ಸಾಮಾನ್ಯವಾಗಿ 0.1ರಿಂದ 0.5 ಮಿಲಿಮೀಟರ್. ನೋಟಕ್ಕೆ ಮೇಲ್ಮೈ ಮಂಕಾಗುತ್ತದೆ, ಬಾಳಿಕೆ ಹೆಚ್ಚುತ್ತದೆ. 304ರಂತಹ ದರ್ಜೆಗಳನ್ನು ಶಾಖೋಪಚಾರದಿಂದ ಗಡಸುಗೊಳಿಸಲು ಬರುವುದಿಲ್ಲವಾದ ಕಾರಣ ಈ ಬಗೆಯ ತಣ್ಣನೆಯ ಬಡಿತ ಅವುಗಳಿಗೆ ವಿಶೇಷ ಉಪಯುಕ್ತ. ಪೀನಿಂಗ್ ಆದ ಮೇಲೆ 304 ಸ್ವಲ್ಪ ಅಯಸ್ಕಾಂತಕ್ಕೆ ಅಂಟುವುದುಂಟು. ಇದು ಸಾಮಗ್ರಿಯಲ್ಲಿ ಮೋಸವಾದದ್ದರ ಗುರುತಲ್ಲ. ಬಡಿತದಿಂದ ಹೊರಪದರದ ಒಳರಚನೆ ಬದಲಾದದ್ದರ ಗುರುತು.

ಪೀನಿಂಗ್‌ನ ತೀವ್ರತೆ ಅಳೆಯಲು ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಜಾನ್ ಆಲ್ಮೆನ್ ರೂಪಿಸಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಸುಮಾರು 76 ಮಿಲಿಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿಯ ಒಂದೇ ಬದಿಗೆ ಗುಂಡು ಎರಚಿದಾಗ ಅದು ಬಿಲ್ಲಿನಂತೆ ಬಾಗುತ್ತದೆ; ಬಾಗಿನ ಎತ್ತರವೇ ಅಳತೆ. ಎರಚುವ ಸಮಯವನ್ನು ಇಮ್ಮಡಿಗೊಳಿಸಿದರೂ ಬಾಗು ಶೇ. 10ಕ್ಕಿಂತ ಹೆಚ್ಚಾಗದ ಹಂತವನ್ನು ತೀವ್ರತೆಯೆಂದು ಪರಿಗಣಿಸುತ್ತಾರೆ. ಈ ಪಟ್ಟಿ ಇಲ್ಲದೆ 'ಪೀನಿಂಗ್ ಮಾಡಿದ್ದೇವೆ' ಎನ್ನುವುದು ರಶೀದಿ ಇಲ್ಲದೆ ಹಣ ಕೊಟ್ಟೆನೆಂದಂತೆ. ಮರಳು ಎರಚಿ ಶುಚಿಗೊಳಿಸುವುದನ್ನು ಪೀನಿಂಗ್ ಎಂದು ಭಾವಿಸುವುದೂ ತಪ್ಪು. ಚೂಪಾದ ಮರಳು ಮೇಲ್ಮೈಯನ್ನು ಕೆರೆಯುತ್ತದೆ, ದುಂಡನೆಯ ಗುಂಡು ಒತ್ತುತ್ತದೆ. ಮತ್ತೊಂದು ಎಚ್ಚರಿಕೆ: ಸಾಮಾನ್ಯ ಉಕ್ಕಿನ ಗುಂಡು ಬಳಸಿದರೆ ಕಬ್ಬಿಣದ ಕಣಗಳು ಮೇಲ್ಮೈಗೆ ಅಂಟಿ ಸ್ಟೇನ್‌ಲೆಸ್ ಭಾಗವೂ ತುಕ್ಕಿನ ಕಲೆ ತೋರುತ್ತದೆ. ಗಾಜಿನ, ಸಿರಾಮಿಕ್‌ನ ಅಥವಾ ಸ್ಟೇನ್‌ಲೆಸ್ ಗುಂಡುಗಳನ್ನು ಬಳಸಬೇಕು. ಇಲ್ಲವೇ ನಂತರ ಪ್ಯಾಸಿವೇಷನ್ ಕಡ್ಡಾಯ.

ರೋಲರ್ ಬರ್ನಿಷಿಂಗ್: ಗಟ್ಟಿಯಾದ ಉರುಳೆಯನ್ನು ಒತ್ತಿ ಹೊರಳಿಸುವ ಈ ಕ್ರಮದಲ್ಲಿ ಮೇಲ್ಮೈ ನಯವಾಗುವುದೂ ಒತ್ತಿಹಿಡಿದ ಪದರ ಉಂಟಾಗುವುದೂ ಒಟ್ಟಿಗೇ ನಡೆಯುತ್ತವೆ. ದುಂಡನೆಯ ಶಾಫ್ಟ್‌ಗಳಿಗೆ ಇದು ಲೇತಿನ ಮೇಲೆಯೇ ಸಾಧ್ಯವಾದ ಕಾರಣ ಸಣ್ಣ ಘಟಕಗಳು ಪರಿಶೀಲಿಸಲು ಯೋಗ್ಯ.

ಎಲೆಕ್ಟ್ರೋಪಾಲಿಷ್: ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಮೇಲಿನ ಕೆಲವು ಮೈಕ್ರಾನ್ ಲೋಹವನ್ನು ಕರಗಿಸುವ ಈ ವಿಧಾನ ಔಷಧ, ಆಹಾರ ಮತ್ತು ಹಾಲಿನ ಉದ್ಯಮಗಳಲ್ಲಿ ಜನಪ್ರಿಯ. ಬಾಳಿಕೆಯ ದೃಷ್ಟಿಯಿಂದ ಇದು ಎರಡು ಅಲಗಿನ ಕತ್ತಿ. ಗ್ರೈಂಡಿಂಗ್‌ನಿಂದ ಹಾಳಾದ, ಎಳೆತ ತುಂಬಿದ ಪದರವನ್ನೂ ಸೂಕ್ಷ್ಮ ಮುಳ್ಳುಗಳನ್ನೂ ತೆಗೆದುಹಾಕಿದಾಗ ಲಾಭ. ಆದರೆ ಯಂತ್ರಕಾರ್ಯ ಅಥವಾ ಪೀನಿಂಗ್‌ನಿಂದ ಬಂದಿದ್ದ ಜಮಾ ಶಿಲ್ಕನ್ನೂ ಅದು ಕರಗಿಸಿಬಿಟ್ಟರೆ, ಕನ್ನಡಿಯಂತೆ ಹೊಳೆಯುವ ಭಾಗವು ಮಂಕಾದ ಭಾಗಕ್ಕಿಂತ ಮೊದಲೇ ಮುರಿಯಬಹುದು. ಪೀನಿಂಗ್‌ನ ಆಳಕ್ಕೆ ಹೋಲಿಸಿದರೆ ಅತ್ಯಲ್ಪವಾಗುವಷ್ಟೇ ಲೋಹ ತೆಗೆದರೆ ಎರಡರ ಪ್ರಯೋಜನವೂ ದೊರೆಯುತ್ತದೆ.

ಪಿಕ್ಲಿಂಗ್ ಮತ್ತು ಪ್ಯಾಸಿವೇಷನ್: ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ಮೇಲ್ಮೈಯ ಕಬ್ಬಿಣದ ಕಣಗಳನ್ನು ತೊಳೆದು ಆಕ್ಸೈಡ್ ಪದರ ಚೆನ್ನಾಗಿ ಬೆಳೆಯಲು ಅನುವು ಮಾಡುವುದೇ ಪ್ಯಾಸಿವೇಷನ್. ಎಎಸ್‌ಟಿಎಂ ಎ967 ಎಂಬುದು ಇದಕ್ಕೆ ಬಳಕೆಯಲ್ಲಿರುವ ಮಾನಕ. ಒಣಗಾಳಿಯಲ್ಲಿ ಕೆಲಸ ಮಾಡುವ ಭಾಗದ ದಣಿವಿನ ಮೇಲೆ ಇದರ ನೇರ ಪ್ರಭಾವ ಅಲ್ಪ. ಆದರೆ ಉಪ್ಪುನೀರು, ಕ್ಲೋರಿನ್ ಬೆರೆತ ನೀರು ಮುಟ್ಟುವೆಡೆ ಗುಳಿ ಬೀಳುವುದನ್ನು ತಡೆಯುವ ಮೂಲಕ ಬಿರುಕಿನ ಹುಟ್ಟನ್ನೇ ಮುಂದೂಡುತ್ತದೆ. ಕರಾವಳಿಯ ಗ್ರಾಹಕರಿಗೆ ಸರಕು ಕಳುಹಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಸಮುದ್ರದ ನೀರಿನಲ್ಲಿ 'ಇಷ್ಟರ ಕೆಳಗೆ ಮುರಿಯದು' ಎಂಬ ಸುರಕ್ಷಿತ ಮಿತಿಯನ್ನೇ ನಂಬುವಂತಿಲ್ಲ. ಬೆಸುಗೆಯ ಬಳಿ ಉಳಿಯುವ ನೀಲಿ, ಕಂದು ಬಣ್ಣವನ್ನು ತೆಗೆಯಲು ಮಾಡುವ ಪಿಕ್ಲಿಂಗ್ ಅಗತ್ಯವೇ; ಆದರೆ ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ತಿಂದುಹೋಗಿ ಹೊಸ ಗುಳಿಗಳೇ ಏಳುತ್ತವೆ.

ನೈಟ್ರೈಡಿಂಗ್ ಮತ್ತು ಗಟ್ಟಿ ಕ್ರೋಮ್: ಸಾರಜನಕವನ್ನು ಮೇಲ್ಮೈಯಲ್ಲಿ ಹುದುಗಿಸುವ ನೈಟ್ರೈಡಿಂಗ್ ಗಡಸುತನವನ್ನೂ ಒತ್ತಿಹಿಡಿದ ಪದರವನ್ನೂ ಕೊಡುತ್ತದೆ. ಆದರೆ ಸಾಮಾನ್ಯ ಉಷ್ಣಾಂಶದಲ್ಲಿ, ಅಂದರೆ 500 ಡಿಗ್ರಿ ಸೆಲ್ಸಿಯಸ್ ಮೇಲ್ಪಟ್ಟು ಮಾಡಿದರೆ ಕ್ರೋಮಿಯಂ ನೈಟ್ರೈಡ್ ಆಗಿ ಬೇರ್ಪಟ್ಟು ತುಕ್ಕುನಿರೋಧ ಗುಣ ಕುಗ್ಗುತ್ತದೆ. ಸುಮಾರು 450 ಡಿಗ್ರಿಗಿಂತ ಕಡಿಮೆ ಉಷ್ಣಾಂಶದ ವಿಶೇಷ ವಿಧಾನಗಳಲ್ಲಿ ಈ ದೋಷವನ್ನು ಬಹುಪಾಲು ತಪ್ಪಿಸಬಹುದು. ಗಟ್ಟಿ ಕ್ರೋಮ್ ಲೇಪನದ ಕಥೆ ಬೇರೆ. ಸವೆತಕ್ಕೆ ಅದು ಉತ್ತಮ. ಆದರೆ ಆ ಲೇಪನದಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮ ಬಿರುಕುಗಳು ಕೆಳಗಿನ ಉಕ್ಕಿಗೆ ಇಳಿದು ದಣಿವಿನ ಬಲವನ್ನು ತಗ್ಗಿಸುತ್ತವೆ. ಲೇಪನಕ್ಕೆ ಮೊದಲು ಪೀನಿಂಗ್ ಮಾಡುವ ಪದ್ಧತಿ ಬೆಳೆದದ್ದು ಇದೇ ಕಾರಣಕ್ಕೆ. ಗಡಸು ಮಾರ್ಟೆನ್ಸಿಟಿಕ್ ದರ್ಜೆಗಳಲ್ಲಿ ಲೇಪನದ ವೇಳೆ ಒಳಸೇರುವ ಜಲಜನಕವನ್ನು ಹೊರದೂಡಲು ನಂತರ ಕಾಯಿಸುವುದೂ ಅಗತ್ಯ.

ಪಾಲಿಷ್ ಒಂದೇ ಬದಲಾದಾಗ

ಮೇಲ್ಮೈಯ ನೋಟವನ್ನು ಹಗುರವಾಗಿ ಪರಿಗಣಿಸಬಾರದೆಂಬುದಕ್ಕೆ ವೈದ್ಯಕೀಯ ಕ್ಷೇತ್ರದ ಒಂದು ನಿದರ್ಶನ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಶಸ್ತ್ರವೈದ್ಯ ರಾಬಿನ್ ಲಿಂಗ್ ಮತ್ತು ಎಂಜಿನಿಯರ್ ಕ್ಲೈವ್ ಲೀ ರೂಪಿಸಿದ ಸ್ಟೇನ್‌ಲೆಸ್ ಸ್ಟೀಲಿನ ಕೃತಕ ಸೊಂಟದ ಕೀಲನ್ನು 1970ರಲ್ಲಿ ಮೊದಲು ಅಳವಡಿಸಲಾಯಿತು. ಅದರ ಕಾಂಡ ನುಣ್ಣಗೆ ಪಾಲಿಷ್ ಮಾಡಿದ್ದಾಗಿತ್ತು. ಕೆಲವು ಕಾಂಡಗಳು ಮುರಿದ ಕಾರಣ ಉಕ್ಕಿನ ದರ್ಜೆಯನ್ನು ಬದಲಿಸಿ ಕಾಂಡವನ್ನು ಬಲಪಡಿಸಲಾಯಿತು. 1976ರಲ್ಲಿ ಮೇಲ್ಮೈಯನ್ನೂ ಮಂಕು ಫಿನಿಷ್‌ಗೆ ಬದಲಾಯಿಸಲಾಯಿತು. ಮುರಿಯುವ ತೊಂದರೆ ನೀಗಿತು. ಆದರೆ ಮಂಕು ಮೇಲ್ಮೈ ಸುತ್ತಲಿನ ಸಿಮೆಂಟನ್ನು ಉಜ್ಜಿ, ಕಣಗಳೆದ್ದು, ಕೀಲುಗಳು ಸಡಿಲಗೊಳ್ಳುವುದು ಹೆಚ್ಚಿತು. 1986ರಲ್ಲಿ ಮತ್ತೆ ಪಾಲಿಷ್ ಮಾಡಿದ ಕಾಂಡಕ್ಕೇ ಮರಳಬೇಕಾಯಿತು. ಇಲ್ಲಿ ಸಡಿಲವಾದದ್ದು ಜೋಡಣೆಯೇ ಹೊರತು ಉಕ್ಕು ಮುರಿದದ್ದಲ್ಲ ಎಂಬುದು ನಿಜ. ಆದರೆ ಪಾಠ ನಮಗೂ ಅನ್ವಯಿಸುತ್ತದೆ: ಫಿನಿಷ್ ಬದಲಾವಣೆ ಎಂದರೆ ವಿನ್ಯಾಸದ ಬದಲಾವಣೆ. ಅಷ್ಟೇ ಅಲ್ಲ, ಒಂದು ಭಾಗಕ್ಕೆ ಮಂಕು ಮೇಲ್ಮೈ ಒಳ್ಳೆಯದಾದರೆ ಇನ್ನೊಂದಕ್ಕೆ ನುಣುಪೇ ಒಳ್ಳೆಯದು. ಎಲ್ಲಕ್ಕೂ ಒಂದೇ ಮದ್ದಿಲ್ಲ.

ವೆಚ್ಚದ ಲೆಕ್ಕ

ಈಗ ಹಣದ ಮಾತಿಗೆ ಬರೋಣ. ಒಂದು ಘಟಕವು ವರ್ಷಕ್ಕೆ 1,000 ಶಾಫ್ಟ್ ಮಾರುತ್ತದೆ, ವಾರಂಟಿ ಅವಧಿಯಲ್ಲಿ 20 ಮುರಿದು ಬರುತ್ತವೆ ಎಂದು ಕಲ್ಪಿಸಿಕೊಳ್ಳಿ. ಪ್ರತಿ ಪ್ರಕರಣಕ್ಕೆ ಬದಲಿ ಶಾಫ್ಟ್, ಸಾಗಣೆ, ಜೋಡಣೆಗಾರನ ಪ್ರಯಾಣ, ಕೂಲಿ ಸೇರಿ ರೂ. 9,000 ತಗುಲಿದರೆ ಒಟ್ಟು ರೂ. 1,80,000. ಪೀನಿಂಗ್‌ಗೆ ಶಾಫ್ಟ್ ಒಂದಕ್ಕೆ ರೂ. 90ರಂತೆ ರೂ. 90,000 ಆಗುತ್ತದೆ ಎಂದಿಟ್ಟುಕೊಳ್ಳೋಣ. ಮುರಿಯುವ ಸಂಖ್ಯೆ 20ರಿಂದ 5ಕ್ಕೆ ಇಳಿದರೆ ವಾರಂಟಿ ವೆಚ್ಚ ರೂ. 45,000, ಪೀನಿಂಗ್ ಸೇರಿ ರೂ. 1,35,000. ಉಳಿತಾಯ ರೂ. 45,000. ಸಂಖ್ಯೆ 10ಕ್ಕೆ ಮಾತ್ರ ಇಳಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೊದಲಿನಿಂದಲೇ 1,000ಕ್ಕೆ 8 ಮಾತ್ರ ಮುರಿಯುತ್ತಿದ್ದರೆ ಹಣದ ಲೆಕ್ಕದಲ್ಲಿ ಪೀನಿಂಗ್ ಸಮರ್ಥನೀಯವಲ್ಲ. ಈ ಅಂಕಿಗಳು ಕೇವಲ ಉದಾಹರಣೆ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು. ಇದಕ್ಕೆ ಅವಶ್ಯವಾದದ್ದು ಒಂದು ವಾರಂಟಿ ವಹಿ: ಯಾವ ತಂಡದ ಸರಕು, ಯಾರ ಬಳಿ ಪಾಲಿಷ್ ಆಯಿತು, ಎಷ್ಟು ಗಂಟೆ ನಡೆದು ಎಲ್ಲಿ ಮುರಿಯಿತು ಎಂಬ ನಾಲ್ಕು ಅಂಕಣ ಸಾಕು. ಅನೇಕ ಘಟಕಗಳಲ್ಲಿ ಈ ವೆಚ್ಚ 'ಇತರೆ ಖರ್ಚು' ಎಂಬ ತಲೆಬರಹದಡಿ ಕರಗಿಹೋಗುತ್ತದೆ. ಕಾಣದ ವೆಚ್ಚವನ್ನು ಯಾರೂ ತಗ್ಗಿಸಲಾರರು.

ಲೆಕ್ಕಪತ್ರ ಮಾನಕ 29ರ ಪ್ರಕಾರ ಮಾರಿದ ಸರಕಿನ ವಾರಂಟಿಗೆ ಅಂದಾಜು ಮಾಡಿ ಅವಕಾಶ ಕಲ್ಪಿಸಬೇಕು. ಈ ಅಂದಾಜಿಗೆ ಹಿಂದಿನ ಅನುಭವವೇ ಮುಖ್ಯ ಆಧಾರ. ಆದರೆ ವರ್ಷದ ನಡುವೆ ಪಾಲಿಷ್ ಮಾಡುವವರನ್ನೋ ವಿಧಾನವನ್ನೋ ಬದಲಿಸಿದ್ದರೆ ಹಿಂದಿನ ಅನುಭವ ಮುಂದಿನದಕ್ಕೆ ಅಳತೆಗೋಲಾಗದು. ಇಂತಹ ಬದಲಾವಣೆಯನ್ನು ಲೆಕ್ಕಪರಿಶೋಧಕರಿಗೆ ತಿಳಿಸುವುದು ಒಳ್ಳೆಯದು.

ಪೀನಿಂಗ್, ಪ್ಯಾಸಿವೇಷನ್ ಮುಂತಾದವನ್ನು ಸಾಮಾನ್ಯವಾಗಿ ಹೊರಗೆ ಜಾಬ್ ವರ್ಕ್ ಆಗಿ ಮಾಡಿಸಲಾಗುತ್ತದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 143ನೆಯ ಕಲಮಿನಂತೆ ತೆರಿಗೆ ಕಟ್ಟದೆ ಚಲನ್ ಮೇಲೆ ಕಳುಹಿಸಿದ ಸರಕು ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ವಿಲೇವಾರಿಯಾಗಬೇಕು. ಚಲನ್‌ನಲ್ಲಿ ಸಂಸ್ಕರಣೆಯ ಹೆಸರು ಮತ್ತು ತಂಡದ ಸಂಖ್ಯೆ ನಮೂದಿಸಿದರೆ ತೆರಿಗೆ ದಾಖಲೆಯೇ ಗುಣಮಟ್ಟದ ದಾಖಲೆಯೂ ಆಗುತ್ತದೆ.

ಹೊಣೆ ಯಾರದು?

ಸರಕು ಮಾರಾಟ ಕಾಯಿದೆ, 1930ರ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನೆಚ್ಚಿದ್ದು, ಅಂತಹ ಸರಕಿನ ಮಾರಾಟವೇ ಮಾರುವವನ ವ್ಯವಹಾರವಾಗಿದ್ದರೆ, ಸರಕು ಆ ಉದ್ದೇಶಕ್ಕೆ ಸಾಕಷ್ಟು ಯೋಗ್ಯವಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಇರುತ್ತದೆ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಆರನೆಯ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯನ್ನು ಮತ್ತಷ್ಟು ಸ್ಪಷ್ಟಪಡಿಸಿದೆ. ದೋಷಯುಕ್ತ ಉತ್ಪನ್ನದಿಂದ ವ್ಯಕ್ತಿಗೆ ಗಾಯವೋ ಇತರ ಆಸ್ತಿಗೆ ಹಾನಿಯೋ ಆದರೆ, ತಯಾರಿಕೆಯ ದೋಷಕ್ಕೂ ನಿಗದಿತ ವಿವರಣೆಯಿಂದ ಬೇರೆಯಾದುದಕ್ಕೂ 84ನೆಯ ಕಲಮಿನಡಿ ತಯಾರಕ ಹೊಣೆ. ವರ್ತಕರು ಗಮನಿಸಬೇಕಾದದ್ದು 86ನೆಯ ಕಲಮು: ಮಾರುವವನು ಉತ್ಪನ್ನವನ್ನು ತಾನೇ ಮಾರ್ಪಡಿಸಿ, ಆ ಮಾರ್ಪಾಡು ಹಾನಿಗೆ ಮುಖ್ಯ ಕಾರಣವಾಗಿದ್ದರೆ ಅವನೂ ಹೊಣೆಗಾರ. ಗ್ರಾಹಕ ಬಯಸಿದನೆಂದು ಅಂಗಡಿಯಲ್ಲಿಯೇ ಶಾಫ್ಟನ್ನು ಉಜ್ಜಿ ಹೊಳೆಯಿಸಿ ಕೊಡುವುದು, ಹೆಸರು ಕೊರೆಯಿಸಿ ಕೊಡುವುದು ಕೇವಲ ಸೌಜನ್ಯವೆಂದು ಉಳಿಯದೆ ಮಾರ್ಪಾಡು ಎನಿಸಿಕೊಳ್ಳಬಹುದು.

ಆಚರಣೆಗೆ ಕೆಲವು ಸೂಚನೆಗಳು

1. ಖರೀದಿ ಆದೇಶದಲ್ಲಿ 'ಒಳ್ಳೆಯ ಪಾಲಿಷ್' ಎಂದಷ್ಟೇ ಬರೆಯಬೇಡಿ. ಒರಟುತನದ ಮಿತಿಯನ್ನು ಮೈಕ್ರಾನ್‌ನಲ್ಲಿಯೂ ಪಾಲಿಷ್ ಗೆರೆಗಳ ದಿಕ್ಕನ್ನೂ ನಮೂದಿಸಿ.

2. ಕೆಲಸಗಳ ಅನುಕ್ರಮವನ್ನು ಬರೆಯಿರಿ. ಪೀನಿಂಗ್ ಆದ ಮೇಲೆ ಗ್ರೈಂಡಿಂಗ್ ಮಾಡಿದರೆ ಅಥವಾ ಹೆಚ್ಚು ಕಾಯಿಸಿದರೆ ಕೊಟ್ಟ ಹಣ ವ್ಯರ್ಥ.

3. ಪೀನಿಂಗ್ ಮಾಡಿಸಿದರೆ ಗುಂಡಿನ ಬಗೆ, ಆಲ್ಮೆನ್ ತೀವ್ರತೆ, ಪೂರ್ಣ ವ್ಯಾಪ್ತಿ ಈ ಮೂರನ್ನೂ ತೋರುವ ಪ್ರಮಾಣಪತ್ರ ಪಡೆಯಿರಿ.

4. ಕ್ರಮಸಂಖ್ಯೆ, ಲಾಂಛನಗಳನ್ನು ಹೊರೆ ಕಡಿಮೆ ಇರುವ ತುದಿಯಲ್ಲಿ ಹಾಕಿ. ಹೆಗಲಿನ ತಿರುವು, ಕೀ-ವೇ ಮೂಲೆಗಳಲ್ಲಿ ಚೂಪು ಉಳಿಯದಂತೆ ದುಂಡಗೆ ಮಾಡಿಸಿ. ಮೂಲೆ ಚೂಪಾಗಿದ್ದರೆ ಯಾವ ಸಂಸ್ಕರಣೆಯೂ ಪೂರ್ಣ ರಕ್ಷಣೆ ಕೊಡದು.

5. ಸಾಮಾನ್ಯ ಉಕ್ಕಿಗೆ ಬಳಸಿದ ಚಕ್ರ, ತಂತಿ ಕುಂಚಗಳನ್ನು ಸ್ಟೇನ್‌ಲೆಸ್‌ಗೆ ಬಳಸದಂತೆ ಬೇರೆ ಇಡಿ.

6. ಮುರಿದ ಭಾಗವನ್ನು ಗುಜರಿಗೆ ಹಾಕುವ ಮೊದಲು ಮುರಿದ ಮುಖವನ್ನು ಒರೆಸದೆ, ಒಂದಕ್ಕೊಂದು ತಾಗಿಸದೆ ಒಣಗಿಸಿಟ್ಟು ತಜ್ಞರಿಗೆ ತೋರಿಸಿ. ಅದು ವ್ಯಾಜ್ಯದಲ್ಲಿ ಸಾಕ್ಷಿ, ಕಾರ್ಖಾನೆಯಲ್ಲಿ ಗುರು.

7. ಹೊಸ ವಿಧಾನಕ್ಕೆ ಒಮ್ಮೆಲೇ ಹೋಗದೆ ಸಣ್ಣ ತಂಡವೊಂದರಲ್ಲಿ ಪರೀಕ್ಷಿಸಿ. ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂತಹ ಸಂಸ್ಥೆಗಳಲ್ಲಿ ಮೇಲ್ಮೈ ಮಾಪನದ ಪರಿಣತಿ ಲಭ್ಯವಿದೆ. ಒಬ್ಬರಿಗೆ ಭಾರವೆನಿಸುವ ಪರೀಕ್ಷಾ ಶುಲ್ಕವನ್ನು ಒಂದೇ ಬಗೆಯ ಭಾಗ ತಯಾರಿಸುವ ನಾಲ್ಕೈದು ಘಟಕಗಳು ಹಂಚಿಕೊಳ್ಳಬಹುದು.

ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳ ಸಣ್ಣ ಘಟಕಗಳು ದೊಡ್ಡ ಉದ್ಯಮಗಳಿಗೆ ಬಿಡಿಭಾಗ ಒದಗಿಸುತ್ತಿವೆ. ಈ ಸ್ಪರ್ಧೆಯಲ್ಲಿ ಒಂದೆರಡು ರೂಪಾಯಿ ದರ ಇಳಿಸಿ ಆದೇಶ ಗಳಿಸುವುದು ಸುಲಭ. ಮುರಿದ ಒಂದು ಶಾಫ್ಟ್‌ನಿಂದ ಕಳೆದುಕೊಂಡ ನಂಬಿಕೆಯನ್ನು ಮರಳಿ ಗಳಿಸುವುದು ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಹೇಳಿದ್ದು ವ್ಯಾಪಾರಿಗಳನ್ನು ನೋಡಿಯೇ ಇರಬೇಕು. ಆದುದರಿಂದ ಸದಸ್ಯ ಬಂಧುಗಳು ಮುಂದಿನ ದರಪಟ್ಟಿ ಸಿದ್ಧಪಡಿಸುವಾಗ 'ಫಿನಿಷಿಂಗ್' ಎಂಬ ಒಂದೇ ಸಾಲನ್ನು ಗ್ರೈಂಡಿಂಗ್, ಪೀನಿಂಗ್, ಪ್ಯಾಸಿವೇಷನ್, ತಪಾಸಣೆ ಎಂದು ನಾಲ್ಕು ಸಾಲುಗಳಾಗಿ ಬಿಡಿಸಿ ಬರೆಯಲಿ. ಯಾವ ಸಾಲಿಗೆ ಕತ್ತರಿ ಹಾಕಿದರೆ ಏನು ಕಳೆದುಹೋಗುತ್ತದೆ ಎಂಬುದು ಆಗ ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೇ ಕಾಣುತ್ತದೆ.